ಶಾನುಭೋಗರ ಕಡತದಿಂದ ಬಿ.ಕಾಂ. ಪದವಿಯವರೆಗೆ

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶಗಳು ಪ್ರಕಟವಾಗುವ ವಾರಗಳಲ್ಲಿ ನನ್ನ ದೂರವಾಣಿಗೆ ಬಿಡುವಿರುವುದಿಲ್ಲ. ಒಂದು ಕಾಲಕ್ಕೆ ಬೀಜಗಣಿತಕ್ಕೆ ಹೆದರಿ ಕೊನೆಯ ಬೆಂಚು ಹಿಡಿಯುತ್ತಿದ್ದವರು ಇಂದು ತಂದೆತಾಯಿಗಳಾಗಿದ್ದಾರೆ, ಕೆಲವರು ಅಜ್ಜ ಅಜ್ಜಿಯರೂ ಆಗಿದ್ದಾರೆ. "ಮೇಷ್ಟ್ರೇ, ಮಗಳು ಕಾಮರ್ಸ್ ತಗೋತೀನಿ ಅಂತಾವ್ಳೆ. ಅದ್ನ ಓದುದ್ರೆ ಕೆಲ್ಸ ಸಿಕ್ಕದಾ?" ಎಂಬುದು ಅವರೆಲ್ಲರ ಪ್ರಶ್ನೆ. ಸಿಕ್ಕುತ್ತದೆ ಎಂದರೂ ಸರಿಯಲ್ಲ, ಸಿಕ್ಕುವುದಿಲ್ಲ ಎಂದರೂ ಸರಿಯಲ್ಲ. ಲೆಕ್ಕ ಬರೆಯುವ ವಿದ್ಯೆ ನಮ್ಮ ದುದ್ದ ಹೋಬಳಿಯ ಮನೆಗಳಿಗೆ ಯಾವ ದಾರಿಯಲ್ಲಿ ಬಂದಿತು, ಅದು ಯಾರ ಕೈಯಲ್ಲಿತ್ತು, ಯಾರ ಕೈಗೆ ದಾಟಿತು ಎಂಬುದನ್ನು ತಿಳಿದರೆ ಉತ್ತರವನ್ನು ಅವರವರೇ ಕಂಡುಕೊಳ್ಳಬಹುದೆಂದು ಈ ಬರಹಕ್ಕೆ ಕೈಹಾಕಿದ್ದೇನೆ. ಸ್ವಲ್ಪ ದೀರ್ಘವಾದೀತು. ತರಗತಿಯಲ್ಲಿ ಗಂಟೆ ಬಾರಿಸಿದ ಮೇಲೂ ಪಾಠ ಮುಂದುವರಿಸುತ್ತಿದ್ದ ನನ್ನ ಅಭ್ಯಾಸ ನಿಮಗೆ ಹೊಸತಲ್ಲ.

ನಮ್ಮ ಶಾಸನಗಳಲ್ಲಿ 'ಸೇನಬೋವ' ಎಂಬ ಪದ ಮತ್ತೆ ಮತ್ತೆ ಬರುತ್ತದೆ. ದಾನಪತ್ರವನ್ನು ಬರೆದವನು, ಊರಿನ ಭೂಮಿಯ ಲೆಕ್ಕ ಇಟ್ಟವನು ಇವನೇ. ಈ ಸೇನಬೋವನೇ ಕಾಲಾಂತರದಲ್ಲಿ ಶಾನುಭೋಗನಾದ. 'ಕರಣಿಕ'ನೆಂಬ ಇನ್ನೊಬ್ಬ ಲೆಕ್ಕಾಧಿಕಾರಿಯೂ ಶಾಸನಗಳಲ್ಲಿದ್ದಾನೆ. ಅಂದರೆ ಲೆಕ್ಕಿಗನೆಂಬ ಉದ್ಯೋಗ ನಮ್ಮ ನಾಡಿಗೆ ಇಂಗ್ಲಿಷರೊಡನೆ ಬಂದದ್ದಲ್ಲ. ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ಇತಿಹಾಸಕಾರರು ಬರೆಯುತ್ತಾರೆ. ಬೆಂಗಳೂರಿನ ಅಠಾರಾ ಕಚೇರಿಯ ಹೆಸರಿನಲ್ಲಿ ಆ ಹದಿನೆಂಟು ಇನ್ನೂ ಉಳಿದಿದೆ. ಅವರಿಗೆ 'ನವಕೋಟಿ ನಾರಾಯಣ'ನೆಂಬ ಬಿರುದು ಬಂದದ್ದು ಬೊಕ್ಕಸದ ಬಲದಿಂದ. ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಹಣಕಾಸು ನೋಡಿಕೊಂಡ ಪೂರ್ಣಯ್ಯನವರೇ 1799ರಲ್ಲಿ ರಾಜ್ಯ ಕೈಬದಲಾದ ಮೇಲೂ ದಿವಾನರಾಗಿ ಮುಂದುವರಿದರು. ರಾಜರು ಬದಲಾದರೂ ಲೆಕ್ಕ ಬಲ್ಲವರು ಬದಲಾಗಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

ಈ ಲೆಕ್ಕವನ್ನು ಬರೆಯುತ್ತಿದ್ದುದು ಯಾವುದರ ಮೇಲೆ? ಕಡತದ ಮೇಲೆ. ಇಂದು ಸರ್ಕಾರಿ ಕಚೇರಿಗಳಲ್ಲಿ 'ಕಡತ ವಿಲೇವಾರಿ' ಎಂದು ದಿನವೂ ಕೇಳುತ್ತೇವೆ. ಆದರೆ ಮೂಲದ ಕಡತ ಕಾಗದವೇ ಅಲ್ಲ, ಬಟ್ಟೆ. ಉದ್ದನೆಯ ಬಟ್ಟೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿದು ಒಣಗಿಸುತ್ತಿದ್ದರು. ಅದನ್ನು ಬೀಸಣಿಗೆಯ ಮಡಿಕೆಗಳಂತೆ ಮಡಿಸಿ, ಎರಡು ತುದಿಗೆ ಮರದ ಹಲಗೆ ಕಟ್ಟಿದರೆ ಪುಸ್ತಕ ಸಿದ್ಧ. ಬರೆಯುವುದು ಬಳಪದಿಂದ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾಗತೊಡಗಿದ ತಮ್ಮ ಇತಿಹಾಸಗ್ರಂಥದಲ್ಲಿ ಈ ಕಡತಗಳನ್ನು ಬೆರಗಿನಿಂದ ವರ್ಣಿಸಿದ್ದಾರೆ. ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದು, ಆದರೆ ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ! ನಾನು ಹುಡುಗನಾಗಿದ್ದಾಗ ಒಂದು ಹಳೆಯ ಮನೆಯ ಅಟ್ಟದಲ್ಲಿ ಇಂಥದೊಂದನ್ನು ಕಂಡಿದ್ದೆ. ಕರಿಯ ಮಡಿಕೆಗಳ ಮೇಲೆ ಮಾಸಿದ ಮೋಡಿ ಬರಹ. ಓದಲು ಒಂದಕ್ಷರವೂ ಬರಲಿಲ್ಲ.

ಓದಲು ಬಾರದಿದ್ದುದು ಆ ಹುಡುಗನೊಬ್ಬನಿಗೇ ಅಲ್ಲ. ಇಡೀ ಊರಿನದೂ ಅದೇ ಪಾಡು. ಜಮೆ, ಖರ್ಚು, ಬಾಕಿ, ವಸೂಲಿ, ಶಿಲ್ಕು, ಖಿರ್ದಿ, ದಫ್ತರ, ಜಮಾಬಂದಿ ಎಂಬ ಪದಗಳು ಪಾರಸಿ, ಮರಾಠಿಗಳ ಹಾದಿಯಿಂದ ಬಂದು ನಮ್ಮ ರೈತರ ಬಾಯಲ್ಲೂ ನೆಲೆಸಿದವು. ಆದರೆ ಆ ಪದಗಳ ಎದುರಿಗೆ ಬರೆದ ಅಂಕಿಯನ್ನು ಓದಬಲ್ಲವರ ಮನೆ ಊರಿಗೆ ಒಂದು, ಹೆಚ್ಚೆಂದರೆ ಎರಡು. ಶಾನುಭೋಗಿಕೆ ವಂಶಪಾರಂಪರ್ಯವಾಗಿ ನಡೆದು ಬಂದದ್ದು. ಲೆಕ್ಕದ ವಿದ್ಯೆಯೂ ತಂದೆಯಿಂದ ಮಗನಿಗೆ, ಜಗುಲಿಯ ಮೇಲೆ, ಕೂಡಿ ಕಳೆದು ತೋರಿಸುತ್ತಲೇ ದಾಟುತ್ತಿತ್ತು. ಅದಕ್ಕೆ ಶಾಲೆಯಿಲ್ಲ, ಪಠ್ಯವಿಲ್ಲ. ಶಾನುಭೋಗರಲ್ಲಿ ಊರಿನ ಕಷ್ಟಸುಖಕ್ಕೆ ನಿಂತ ಸಜ್ಜನರಿದ್ದರು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ರೈತನ ಸ್ಥಿತಿ ಮಾತ್ರ ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬಂತಿತ್ತು. ತನ್ನ ಹೊಲದ ಕಂದಾಯ ಎಷ್ಟು, ಕಟ್ಟಿದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಇನ್ನೊಬ್ಬರು ಹೇಳಿದಂತೆ ನಂಬಬೇಕು. ರಸೀದಿಗಳನ್ನು ಟ್ರಂಕಿನ ತಳದಲ್ಲಿ ಬಟ್ಟೆಗಂಟು ಕಟ್ಟಿ ಇಡುತ್ತಿದ್ದರು. ಓದಲಿಕ್ಕೆ ಬರದಿದ್ದರೂ ಬಿಸಾಡಲು ಧೈರ್ಯವಿರಲಿಲ್ಲ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂದಿತು. 1963ರ ಫೆಬ್ರುವರಿ 1ರಿಂದ ಜಾರಿಯಾಯಿತು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಮುಗಿದವು. ಅವರ ಜಾಗಕ್ಕೆ ಸಂಬಳದ ನೌಕರನಾಗಿ 'ಗ್ರಾಮ ಲೆಕ್ಕಿಗ' ಬಂದ. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಹಿರಿಯರು ಅರಳಿಕಟ್ಟೆಯಲ್ಲಿ ಕುಳಿತು, "ಇನ್ಮ್ಯಾಲೆ ಲೆಕ್ಕ ಬರ್ಯೋಕೆ ಯಾರ್ ಮಗ ಬೇಕಾರೂ ಬರಬೋದಂತೆ ಕಣ್ಲಾ" ಎಂದು ಆಶ್ಚರ್ಯಪಡುತ್ತಿದ್ದುದು ಕಿವಿಯಲ್ಲಿದೆ. ಯಾರ ಮಗ ಬೇಕಾದರೂ! ನಮ್ಮ ಕಡೆಯ ವಾಣಿಜ್ಯ ಶಿಕ್ಷಣದ ಚರಿತ್ರೆ ನನ್ನ ದೃಷ್ಟಿಯಲ್ಲಿ ಆರಂಭವಾಗುವುದು ಈ ಮಾತಿನಿಂದ. (ಒಂದು ವಿನೋದವನ್ನೂ ಹೇಳಿಬಿಡುತ್ತೇನೆ: ಹೆಸರಿನಲ್ಲಿ ಲೆಕ್ಕವಿದ್ದರೂ ಈ ಹುದ್ದೆಗೆ ಲೆಕ್ಕಶಾಸ್ತ್ರ ಓದಿರಬೇಕೆಂಬ ನಿಯಮವಿರಲಿಲ್ಲ. ಬಹುಕಾಲ ಪಿ.ಯು.ಸಿ. ಅಂಕಗಳ ಆಧಾರದ ಮೇಲೆ ಆಯ್ಕೆ ನಡೆಯಿತು. ಈಗ ಹುದ್ದೆಯ ಹೆಸರೇ 'ಗ್ರಾಮ ಆಡಳಿತ ಅಧಿಕಾರಿ' ಎಂದಾಗಿದೆ. 2024ರಲ್ಲಿ 1000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು.)

ಆದರೆ ಊರಿನ ಹೊರಗೆ ಬೇರೊಂದು ಬಗೆಯ ಲೆಕ್ಕ ಅದಾಗಲೇ ಬೆಳೆಯುತ್ತಿತ್ತು. 1911ರಲ್ಲಿ ಸ್ಥಾಪನೆಯಾದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಪ್ರತ್ಯೇಕ ಸಮಿತಿಗಳಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಅದೇ ವರ್ಷ ಮುಂಬಯಿಯಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವಾಯಿತು. ಇವೆಲ್ಲ ನಗರದ ಸಮಾಚಾರ. ನಮ್ಮ ಹಳ್ಳಿಗಳಿಗೆ ಹೊಸ ಲೆಕ್ಕವನ್ನು ತಂದದ್ದು ಕನ್ನಂಬಾಡಿಯ ನೀರು ಮತ್ತು ಕಬ್ಬು. ಕಟ್ಟೆ ಮುಗಿದು, ನಾಲೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಹೋಬಳಿಯ ಎಲ್ಲ ಊರಿಗೂ ನೀರು ಒಂದೇ ಹದದಲ್ಲಿ ಬರಲಿಲ್ಲ, ರಾಗಿ ಹುರುಳಿ ನಂಬಿದವರು ಹಾಗೆಯೇ ಉಳಿದರು. ಆದರೆ ಕಬ್ಬು ಬೆಳೆದವನ ಕೈಗೆ ಬಂದ ಕಾಗದ ಹಿಂದಿನ ಕಂದಾಯದ ರಸೀದಿಯಂತಿರಲಿಲ್ಲ. ತೂಕದ ಚೀಟಿ, ಟನ್ನಿನ ದರ, ಕಟಾವು ಕೂಲಿ, ಗಾಡಿ ಬಾಡಿಗೆ, ಮುಂಗಡ, ಸಂಘದ ಸಾಲಕ್ಕೆ ಹಿಡಿದದ್ದು, ಉಳಿಕೆ. ಮೇಲಿನ ಮೊತ್ತಕ್ಕೂ ಕೆಳಗಿನ ಮೊತ್ತಕ್ಕೂ ನಡುವೆ ಇಷ್ಟೊಂದು ಸಾಲುಗಳು! ರೈತನಿಗೆ ಮೊದಲ ಬಾರಿಗೆ ತನ್ನ ಮನೆಯಲ್ಲೇ ಒಬ್ಬ ಲೆಕ್ಕ ಬಲ್ಲವನು ಬೇಕೆನಿಸಿದ್ದು ಆಗ.

ಇಲ್ಲಿ ಸ್ವಲ್ಪ ನಿಂತು, ಕಾಮರ್ಸ್ ತರಗತಿಯಲ್ಲಿ ಕಲಿಸುವ ಮುಖ್ಯ ವಿಷಯವಾದರೂ ಏನೆಂಬುದನ್ನು ಹೇಳಬೇಕು. ಏಕೆಂದರೆ "ಕೂಡೋದು ಕಳೆಯೋದಕ್ಕೆ ಮೂರು ವರ್ಷ ಕಾಲೇಜ್ ಯಾಕೆ?" ಎಂದು ನನ್ನನ್ನೇ ಕೇಳಿದ ನೆಂಟರಿದ್ದಾರೆ. 1494ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಲೂಕಾ ಪಾಚೋಲಿ ಎಂಬ ಸಂನ್ಯಾಸಿಯ ಗಣಿತಗ್ರಂಥವೊಂದು ಅಚ್ಚಾಯಿತು. ಅದರ ಒಂದು ಭಾಗದಲ್ಲಿ ಅಲ್ಲಿನ ವರ್ತಕರು ಆಗಲೇ ಬಳಸುತ್ತಿದ್ದ ಪದ್ಧತಿಯನ್ನು ಆತ ಕ್ರಮವಾಗಿ ವಿವರಿಸಿದ್ದಾನೆ. ಅದೇ ದ್ವಿನಮೂದು ಪದ್ಧತಿ. ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳು, ಎರಡನ್ನೂ ಬರೆಯಬೇಕು. ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್.

ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಒಬ್ಬ ತಾಯಿ ದಿನವೂ ಡೇರಿಗೆ 300 ರೂಪಾಯಿಯ ಹಾಲು ಹಾಕುತ್ತಾಳೆ ಎನ್ನಿ. ಹಣ ಅಂದೇ ಸಿಗುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಬಟವಾಡೆ. ನಡುವೆ 1200 ರೂಪಾಯಿಯ ಪಶು ಆಹಾರದ ಮೂಟೆಗಳನ್ನು ಸಾಲವಾಗಿ ಒಯ್ದಿದ್ದಾಳೆ. ಬರಿಯ ನಗದು ಪುಸ್ತಕವಿದ್ದರೆ ಈ ಹದಿನೈದು ದಿನವೂ ಅವಳ ಹೆಸರೇ ಅದರಲ್ಲಿ ಕಾಣದು, ಏಕೆಂದರೆ ಒಂದು ಬಿಡಿಗಾಸೂ ಕೈಬದಲಾಗಿಲ್ಲ. ದ್ವಿನಮೂದಿನಲ್ಲಿ ಹಾಗಲ್ಲ. ಹಾಲು ಬಂದ ದಿನವೇ ಹಾಲು ಖರೀದಿ ಖಾತೆಗೆ ಡೆಬಿಟ್, ಅವಳ ಖಾತೆಗೆ 300 ಕ್ರೆಡಿಟ್. ಮೂಟೆ ಒಯ್ದ ದಿನ ಅವಳ ಖಾತೆಗೆ 1200 ಡೆಬಿಟ್, ಪಶು ಆಹಾರ ಮಾರಾಟ ಖಾತೆಗೆ ಕ್ರೆಡಿಟ್. ಹದಿನೈದನೆಯ ದಿನ ಅವಳ ಖಾತೆಯ ಒಂದು ಬದಿಯಲ್ಲಿ 4500. ಇನ್ನೊಂದು ಬದಿಯಲ್ಲಿ 1200. ಕೈಗೆ ಬರಬೇಕಾದದ್ದು 3300. ಕಾರ್ಯದರ್ಶಿ ಬದಲಾದರೂ, ಅವಳಿಗೆ ಮರೆತರೂ ಪುಸ್ತಕ ಹೇಳುತ್ತದೆ. ಎಲ್ಲ ಖಾತೆಗಳ ಎರಡು ಬದಿಯನ್ನೂ ಕೂಡಿದಾಗ ಮೊತ್ತ ಸಮನಾಗದಿದ್ದರೆ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ. ಅದಕ್ಕೆ ತಾಳೆಪಟ್ಟಿ ಎಂದು ಹೆಸರು. (ಸಮನಾದ ಮಾತ್ರಕ್ಕೆ ತಪ್ಪೇ ಇಲ್ಲವೆಂದಲ್ಲ, ಅದನ್ನು ಎರಡನೆಯ ಪಾಠದಲ್ಲಿ ಕಲಿಸುತ್ತಾರೆ.) 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ನಮ್ಮ ಗಾದೆ ಹುಟ್ಟಿದ್ದೇ ಕೊಟ್ಟದ್ದಕ್ಕೂ ಇಸಿದುಕೊಂಡದ್ದಕ್ಕೂ ಎರಡು ಕಡೆ ಬರಹವಿಲ್ಲದ ಊರಿನಲ್ಲಿರಬೇಕು!

1948ರಲ್ಲಿ ಮಂಡ್ಯದಲ್ಲಿ ಸರ್ಕಾರಿ ಕಾಲೇಜು ಆರಂಭವಾಯಿತು. ಕೆ.ವಿ. ಶಂಕರಗೌಡರ ಮುಂದಾಳ್ತನದಲ್ಲಿ ಪಿ.ಇ.ಎಸ್. ವಿದ್ಯಾಸಂಸ್ಥೆಗಳು ಬೆಳೆದವು, 1962ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಅವರು ಕಟ್ಟಿದರು. ಆದರೂ ನಮ್ಮ ಹಳ್ಳಿಯ ಹುಡುಗನಿಗೆ ಕಚೇರಿಯ ಮೊದಲ ಮೆಟ್ಟಿಲು ಕಾಲೇಜಾಗಿರಲಿಲ್ಲ, ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಎಸ್.ಎಸ್.ಎಲ್.ಸಿ. ಮುಗಿಯುತ್ತಲೇ ಮಂಡ್ಯದ ಬಸ್ಸು ಹತ್ತಿ, ಯಾವುದೋ ಅಂಗಡಿಯ ಮಹಡಿಯ ಮೇಲೆ, ಸಾಲಾಗಿ ಇಟ್ಟ ರೆಮಿಂಗ್ಟನ್, ಗೋದ್ರೆಜ್ ಯಂತ್ರಗಳ ಮುಂದೆ ಕುಳಿತು 'ಎ ಎಸ್ ಡಿ ಎಫ್' ಎಂದು ಕುಟ್ಟುವುದು. ಜೂನಿಯರ್, ಸೀನಿಯರ್ ಎಂಬ ಸರ್ಕಾರಿ ಪರೀಕ್ಷೆಗಳು. ಕೈಯಲ್ಲಿ ಸ್ವಲ್ಪ ಕಾಸಿದ್ದವರು ಪಿಟ್‌ಮನ್ನನ ಶೀಘ್ರಲಿಪಿಯನ್ನೂ ಸೇರಿಸಿಕೊಳ್ಳುತ್ತಿದ್ದರು. ಆ ಮಹಡಿಯಿಂದ ಕೇಳಿಬರುತ್ತಿದ್ದ ಟಕಟಕ ಸದ್ದು ಅಂದಿನ ಮಂಡ್ಯದ ಪೇಟೆಬೀದಿಯ ಸದ್ದುಗಳಲ್ಲೊಂದು. ಸಾಹಿತಿಗಳು ಅದನ್ನು ಏಕೆ ಬರೆಯಲಿಲ್ಲವೋ ಕಾಣೆ.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಚಿತ್ರವೇ ಬದಲಾಯಿತು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. 1980ರಲ್ಲಿ ಇನ್ನೂ ಆರು ಬ್ಯಾಂಕುಗಳು ಸೇರಿದವು. ಅವುಗಳಲ್ಲಿ ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳೂ ಕರಾವಳಿಯವೇ. ಹಳ್ಳಿಹಳ್ಳಿಗೆ ಶಾಖೆಗಳು ತೆರೆದವು. ಶಾಖೆಗೆ ಗುಮಾಸ್ತರು ಬೇಕಾದರು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. ಮುಂದೆ ಮಂಡ್ಯವನ್ನೇ ಕೇಂದ್ರವಾಗಿಟ್ಟುಕೊಂಡ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕೂ ಆಯಿತು. ಬ್ಯಾಂಕಿನ ಕೆಲಸಕ್ಕೆ ಬಿ.ಕಾಂ. ಕಡ್ಡಾಯವೇನೂ ಅಲ್ಲ, ಯಾವ ಪದವಿಯಾದರೂ ಆಗುತ್ತಿತ್ತು. ಆದರೆ ಜನರ ಮನಸ್ಸಿನಲ್ಲಿ ಬ್ಯಾಂಕೆಂದರೆ ಕಾಮರ್ಸ್, ಕಾಮರ್ಸ್ ಎಂದರೆ ಬ್ಯಾಂಕು ಎಂಬ ನಂಟು ಬಿಗಿಯಿತು. ವಿಜ್ಞಾನಕ್ಕೆ ಅಂಕ ಸಾಲದವರು ಹಿಡಿಯುವ ದಾರಿ ಎಂಬ ತಾತ್ಸಾರವೂ ಜೊತೆಗೇ ಇತ್ತು. ಈ ತಾತ್ಸಾರವನ್ನು ನಾನು ಎಂದೂ ಒಪ್ಪಿದವನಲ್ಲ. ಗಣಿತ ಮೇಷ್ಟರಾಗಿ ಹೇಳುತ್ತೇನೆ, ಗಣಿತದಲ್ಲಿ ಚುರುಕಾಗಿದ್ದೂ ಲೆಕ್ಕಪತ್ರದಲ್ಲಿ ತಬ್ಬಿಬ್ಬಾದವರನ್ನು ಕಂಡಿದ್ದೇನೆ. ಅದಕ್ಕೆ ಬೇಕಾದ ಬುದ್ಧಿಯೇ ಬೇರೆ: ಯಾರು, ಯಾರಿಗೆ, ಯಾವಾಗ, ಏತಕ್ಕಾಗಿ ಎಂದು ಬಿಡದೆ ಕೇಳುವ ಬುದ್ಧಿ.

ಹಳ್ಳಿಯಿಂದ ಹೋದ ಮಕ್ಕಳಿಗೆ ಅಡ್ಡಿಯಾದದ್ದು ಲೆಕ್ಕವಲ್ಲ, ಭಾಷೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರ ಕೈಗೆ ಬಿ.ಎಸ್. ರಾಮನ್ ಅವರ ದಪ್ಪ ಇಂಗ್ಲಿಷ್ ಪುಸ್ತಕಗಳು ಬರುತ್ತಿದ್ದವು. ರಾಜ್ಯದಾದ್ಯಂತ ಕಾಮರ್ಸ್ ವಿದ್ಯಾರ್ಥಿಗಳನ್ನು ದಡ ಮುಟ್ಟಿಸಿದ ಪುಸ್ತಕಗಳವು. ಉದಾಹರಣೆಗಳಲ್ಲಿ ಬರುವ ವ್ಯಾಪಾರಿಗಳೋ ನಗರದವರು, ಹತ್ತಿ ಬಟ್ಟೆ, ಪೀಠೋಪಕರಣ ಮಾರುವವರು. ಬೇಸಿಗೆ ರಜೆಯಲ್ಲಿ ಮಕ್ಕಳು ನನ್ನ ಮನೆಗೆ ಪುಸ್ತಕ ಹಿಡಿದು ಬಂದಾಗ ನಾನು ಬಟ್ಟೆಯನ್ನು ಬೆಲ್ಲವಾಗಿಯೂ ಪೀಠೋಪಕರಣವನ್ನು ಎತ್ತಿನಗಾಡಿಯಾಗಿಯೂ ಬದಲಿಸಿ ಹೇಳುತ್ತಿದ್ದೆ. ಗಾಡಿಗೆ ವರ್ಷಾವರ್ಷ ಸವಕಳಿ ಬರೆಯುವುದನ್ನು ಅವರು ಎಷ್ಟು ಬೇಗ ಹಿಡಿದರು! ಗಾಡಿ ಸವೆಯುತ್ತದೆಂಬುದನ್ನು ರೈತನ ಮಗನಿಗೆ ಹೇಳಿಕೊಡಬೇಕೇ?

ಅವರಲ್ಲೊಬ್ಬ ಹುಡುಗನ ಸಂಗತಿಯನ್ನು ಬರೆಯದೆ ಮುಂದೆ ಹೋಗಲಾರೆ. 1980ರ ದಶಕದ ಮಾತು. ತಂದೆಯಿಲ್ಲದ ಮನೆ. ತಾಯಿ ಪ್ರೋನೋಟು ಬರೆದುಕೊಟ್ಟು ಊರಿನೊಬ್ಬ ಸಾಹುಕಾರರಲ್ಲಿ 2000 ರೂಪಾಯಿ ತಂದಿದ್ದಳು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಎಮ್ಮೆ ಮಾರಿ ಅಸಲಿನಲ್ಲಿ 1000 ರೂಪಾಯಿಯನ್ನೂ ಅಲ್ಲಿಯವರೆಗಿನ ಬಡ್ಡಿಯನ್ನೂ ತೀರಿಸಿದಳು. ಒಂದು ವರ್ಷ ಕಳೆದ ಮೇಲೆ ಕೇಳಿದರೆ ಬಡ್ಡಿ 480 ಎಂದರಂತೆ. ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದ ಮಗ ನೋಟುಪುಸ್ತಕದ ಹಾಳೆಯಲ್ಲಿ ಗೆರೆ ಎಳೆದು ತಾಯಿಯ ಖಾತೆಯನ್ನು ಬರೆದ. ಎಡಕ್ಕೆ ಪಡೆದದ್ದು, ಬಲಕ್ಕೆ ಕೊಟ್ಟದ್ದು, ತಾರೀಖುಗಳ ಸಮೇತ. ಉಳಿದ ಅಸಲು 1000, ಹನ್ನೆರಡು ತಿಂಗಳಿಗೆ ಬಡ್ಡಿ 240. ಬಂದು ನನಗೆ ತೋರಿಸಿದ. "ಸರಿಯಾಗಿದೆ, ಹೋಗಿ ತೋರಿಸು. ಜಗಳ ಆಡಬೇಡ, ಹಾಳೆ ಕೊಟ್ಟು ಸುಮ್ಮನೆ ನಿಲ್ಲು" ಎಂದೆ. ಸಾಹುಕಾರರು ಹಾಳೆಯನ್ನು ಎರಡು ಸಲ ಓದಿ, "ನಿಮ್ಮಪ್ಪನ ಕಾಲ್ದಲ್ಲಿ ಹಿಂಗೆ ಕೇಳೋರು ಇರ್ಲಿಲ್ಲ" ಎಂದು ನಕ್ಕು 240 ಇಸಿದುಕೊಂಡರಂತೆ. ಅವರು ಬೇಕೆಂದೇ ಮಾಡಿದರೋ, ಅಸಲು ತೀರಿಸಿದ್ದನ್ನು ಬರೆದಿಟ್ಟುಕೊಂಡಿರಲಿಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ. ಆ ಹುಡುಗನಿಗೆ ಮುಂದೆ ಬ್ಯಾಂಕಿನ ಕೆಲಸ ಸಿಗಲಿಲ್ಲ, ಎರಡು ಸಲ ಪರೀಕ್ಷೆ ಬರೆದರೂ ಆಗಲಿಲ್ಲ. ಮಂಡ್ಯದ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಜೀವನ ಕಟ್ಟಿಕೊಂಡ, ತಂಗಿಯರಿಬ್ಬರನ್ನೂ ಓದಿಸಿದ.

ಬ್ಯಾಂಕು ಸಿಗದವರಿಗೆ ಊರಲ್ಲಿಯೇ ಒಂದು ಬಾಗಿಲಿತ್ತು, ಸಹಕಾರ ಸಂಘ. 1904ರ ಸಹಕಾರ ಕಾಯಿದೆಯ ಮರುವರ್ಷವೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಪತ್ತಿನ ಸಂಘ ಹುಟ್ಟಿದ್ದನ್ನು ಪಾಠದಲ್ಲಿ ಓದಿದ್ದೀರಿ. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾಯಿದೆಯನ್ನು ಮಾಡಿತು. ವ್ಯವಸಾಯ ಸೇವಾ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಯ ಕುರ್ಚಿ ನೋಡಲು ಸಣ್ಣದು. ಆದರೆ ಊರಿನ ಪ್ರತಿಯೊಂದು ಮನೆಯ ಹೆಸರೂ ಆ ಮೇಜಿನ ಮೇಲಿನ ಪುಸ್ತಕದಲ್ಲಿರುತ್ತದೆ. ಸಹಕಾರ ಮಹಾಮಂಡಳದ ತರಬೇತಿ ಕೇಂದ್ರಗಳಲ್ಲಿ ಡಿಪ್ಲೊಮಾ ಮಾಡಿಕೊಂಡು ಬಂದವರೂ, ಬಿ.ಕಾಂ. ಮುಗಿಸಿ ಬಂದವರೂ ಅಲ್ಲಿ ಕುಳಿತರು. ಶಾನುಭೋಗರ ಜಗುಲಿ ಸಂಘದ ಕಟ್ಟಡಕ್ಕೆ ವರ್ಗವಾಯಿತೆಂದು ನಾನು ತಮಾಷೆ ಮಾಡುವುದುಂಟು. ವ್ಯತ್ಯಾಸವಿಷ್ಟೆ: ಸಂಘದಲ್ಲಿ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಅಢಾವೆ ಪತ್ರಿಕೆಯನ್ನು ಓದಿ ಹೇಳಲೇಬೇಕು. ಯಾವ ಸದಸ್ಯನಾದರೂ ಎದ್ದು ಪ್ರಶ್ನೆ ಕೇಳಬಹುದು.

ಇನ್ನು ಗಣಕಯಂತ್ರದ ಕಾಲ. ಈ ಅಧ್ಯಾಯಕ್ಕೂ ನಮ್ಮ ರಾಜ್ಯಕ್ಕೂ ಸಂಬಂಧವಿದೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಿ ತಮ್ಮ ವ್ಯವಹಾರಕ್ಕೆ ತಕ್ಕ ಲೆಕ್ಕದ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾರಿಂದಲೇ ಒಂದನ್ನು ಬರೆಸಿದರು. ಅದೇ ಮುಂದೆ 'ಟ್ಯಾಲಿ' ಆಯಿತು. 2005ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಂದು ದೇಶಕ್ಕೆಲ್ಲ ಜಿ.ಎಸ್.ಟಿ. ಜಾರಿಯಾದಾಗ ಸಣ್ಣ ಅಂಗಡಿಯವನಿಗೂ ಪ್ರತಿ ಬಿಲ್ಲನ್ನೂ ದಾಖಲಿಸಿ ವಿವರಪಟ್ಟಿ ಸಲ್ಲಿಸುವ ಅಗತ್ಯ ಬಿದ್ದಿತು. ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ದ ಮಹಡಿಗಳಲ್ಲಿ ಟ್ಯಾಲಿ ತರಗತಿಗಳು ಬಂದವು. ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರಿಗೆ ಮೊದಲ ಕೆಲಸ ಬಹುತೇಕ ಇಲ್ಲಿಯೇ: ಲೆಕ್ಕಪರಿಶೋಧಕರ ಕಚೇರಿಯಲ್ಲಿ, ತೆರಿಗೆ ಸಲಹೆಗಾರರ ಬಳಿ, ಅಕ್ಕಿ ಗಿರಣಿಯಲ್ಲಿ, ಬಿಲ್ಲುಗಳನ್ನು ನೋಡಿ ನೋಡಿ ನಮೂದಿಸುವುದು. ಸಂಬಳ ಅಲ್ಪ. ಮಾರ್ಚ್ ತಿಂಗಳಲ್ಲಿ ಮನೆಗೆ ಹೋಗುವ ಹೊತ್ತು ಗೊತ್ತಿರುವುದಿಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಬಣ್ಣದ ಮಾತು ಹೇಳುವುದು ನನಗೆ ಸೇರದು. ನಮೂದಿಸುವ ಕೆಲಸವನ್ನು ಯಂತ್ರ ದಿನದಿನವೂ ಕಸಿದುಕೊಳ್ಳುತ್ತಿದೆ ಎಂಬುದೂ ನಿಜ. ಆದರೆ ಎರಡು ವರ್ಷ ಬಿಲ್ಲು ನಮೂದಿಸಿದವರಲ್ಲಿ, ಈ ಬಿಲ್ಲು ಇಲ್ಲಿ ಏಕೆ ಬಂದಿತು ಎಂದು ಕೇಳಿದವರು ಮೇಲೇರಿದ್ದಾರೆ, ಕೇಳದವರು ಅಲ್ಲಿಯೇ ಇದ್ದಾರೆ.

ಬ್ಯಾಂಕಿನ ದಾರಿಯೂ ಹಿಂದಿನಂತಿಲ್ಲ. 1913ರ ಮೈಸೂರು ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಹೆಸರು ಅಳಿಯಿತು. ಮಂಡ್ಯದ ಗ್ರಾಮೀಣ ಬ್ಯಾಂಕು 2012ರಲ್ಲಿಯೇ ಕಾವೇರಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿತ್ತು. ನೇಮಕಾತಿಗೆ 2011ರಿಂದ ಐ.ಬಿ.ಪಿ.ಎಸ್. ಸಂಸ್ಥೆಯ ಸಾಮಾನ್ಯ ಪರೀಕ್ಷೆ. ಅದು ಬಹುಕಾಲ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ನಡೆಯಿತು. ಕನ್ನಡ ನೆಲದ ಶಾಖೆಯಲ್ಲಿ ಕನ್ನಡದ ಗಿರಾಕಿಯೊಡನೆ ಮಾತಾಡಬೇಕಾದ ಗುಮಾಸ್ತನ ಆಯ್ಕೆಗೆ ಕನ್ನಡವೇ ಇರಲಿಲ್ಲ! ಈ ಬಗ್ಗೆ ನಾಡಿನಲ್ಲಿ ಎದ್ದ ಕೂಗು ನಿಮಗೆ ನೆನಪಿರಬಹುದು. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು, 2021ರಲ್ಲಿ ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಕೇಂದ್ರ ಹಣಕಾಸು ಸಚಿವಾಲಯ ಒಪ್ಪಿತು. ಈಗ ಓದುತ್ತಿರುವ ಮಕ್ಕಳು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಹಳ್ಳಿಯ ಕಾಲೇಜಿನಲ್ಲಿ ಓದಿದೆವೆಂದು ಅರ್ಜಿಯನ್ನೇ ಹಾಕದೆ ಉಳಿಯುವವರು ಇಂದಿಗೂ ಇದ್ದಾರೆ.

ನಾನು ಕಂಡ ಬದಲಾವಣೆಗಳಲ್ಲಿ ದೊಡ್ಡದು ಹೆಣ್ಣುಮಕ್ಕಳದು. ಟೈಪಿಂಗ್ ಕಾಲದಲ್ಲಿ ನಮ್ಮ ಊರಿನ ಕಡೆಯಿಂದ ಮಂಡ್ಯಕ್ಕೆ ದಿನವೂ ಹೋಗಿಬರುವ ಹುಡುಗಿಯರು ಬೆರಳೆಣಿಕೆಯಷ್ಟು. ಬಸ್ಸಿನ ಕಾಸು, ಸಂಜೆಯ ಹೊತ್ತು, ಮನೆಯವರ ಅಳುಕು, ಮೂರೂ ಅಡ್ಡ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾಗಿ ಒಂದು ಅಡ್ಡಿ ತೊಲಗಿತು. ಬೆಳಗಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲವೆಂದು ಗಂಡಸರು ಗೊಣಗುತ್ತಾರೆ, ಗೊಣಗಲಿ. ಆ ಬಸ್ಸಿನಲ್ಲಿ ಲೆಕ್ಕಪತ್ರದ ಪುಸ್ತಕ ಅಪ್ಪಿಕೊಂಡು ನಿಂತ ಮೊಮ್ಮಕ್ಕಳ ವಯಸ್ಸಿನ ಹುಡುಗಿಯರನ್ನು ಕಂಡಾಗ ನಾನು ನನ್ನ ಸೀಟು ಬಿಟ್ಟುಕೊಡಬೇಕೆನಿಸುತ್ತದೆ. ಅವರೇ "ಕೂತ್ಕೊಳಿ ತಾತ" ಎನ್ನುತ್ತಾರೆ.

ಹೋಬಳಿಯ ಒಂದು ಊರಿನ ಸಂಘದ ವಾರ್ಷಿಕ ಸಭೆಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಶಾಮಿಯಾನದ ಕೆಳಗೆ ಎಂದಿನಂತೆ ಅಢಾವೆ ಪತ್ರಿಕೆಯ ಓದು ಸಾಗಿತ್ತು. ಎಂದಿನಂತೆ ಹಿಂದಿನ ಸಾಲಿನವರು ಊಟದ ಕಡೆ ನೋಡುತ್ತಿದ್ದರು. ಒಬ್ಬ ತಾಯಿಯ ಪಕ್ಕದಲ್ಲಿ ಬಿ.ಕಾಂ. ಓದುತ್ತಿದ್ದ ಮಗಳು ಅಚ್ಚಾದ ವರದಿಯ ಮೇಲೆ ಬೆರಳಿಟ್ಟು ಏನೋ ಪಿಸುಗುಟ್ಟುತ್ತಿದ್ದಳು. ಸದಸ್ಯೆ ತಾಯಿ, ಮಗಳಲ್ಲ. ಆದ್ದರಿಂದ ತಾಯಿಯೇ ಸೆರಗು ಸರಿಮಾಡಿಕೊಂಡು ಎದ್ದಳು. "ಸ್ವಾಮಿ, ಅನಾಮತ್ತು ಅಂತ ಒಂದು ಖಾತೆ ಬರ್ದಿದೀರಲ್ಲ, ಹೋದ ವರ್ಸನೂ ಇಷ್ಟೇ ಇತ್ತು, ಈ ವರ್ಸನೂ ಇಷ್ಟೇ ಅದೆ. ಅದ್ರಲ್ಲಿರೋ ದುಡ್ಡು ಯಾರ್ದು?" ಸಭೆ ಒಂದು ಗಳಿಗೆ ಸುಮ್ಮನಾಯಿತು. ಯಾವ ಖಾತೆಗೆ ಸೇರಬೇಕೆಂದು ತೀರ್ಮಾನವಾಗದ ಹಣವನ್ನು ತಾತ್ಕಾಲಿಕವಾಗಿ ಇಡುವ ಜಾಗ ಅದು. ವರ್ಷಗಟ್ಟಲೆ ಅಲ್ಲಿಯೇ ಕೂರುವಂತಿಲ್ಲ. ಅಧ್ಯಕ್ಷರು ಕಾರ್ಯದರ್ಶಿಯ ಕಡೆ ನೋಡಿದರು. ಕಾರ್ಯದರ್ಶಿ, ನನ್ನ ಹಳೆಯ ವಿದ್ಯಾರ್ಥಿಯೇ, ಮೇಜಿನ ಕೆಳಗಿನಿಂದ ಖಾತಾ ವಹಿಯನ್ನು ಎತ್ತಿ ಮೇಲಿಟ್ಟು, "ಬನ್ನಿ ಅಕ್ಕ, ಮಗಳನ್ನೂ ಕರ್ಕೊಂಡು ಬನ್ನಿ, ಒಂದೊಂದಾಗಿ ನೋಡೋಣ" ಎಂದು ಪುಟ ತೆರೆದ.